ಮಗಳಿಗೆ ಕೋಶಭಿತ್ತಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಕೆಲಸ ಸಿಕ್ಕಿದೆ, ಕಳಿಸಲಾ?

ಸುಂಟಿಕೊಪ್ಪದ ಅಪ್ಪ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮದು ಮೂರೂವರೆ ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ಮಗಳು ಈ ವರ್ಷ ಮಡಿಕೇರಿಯಲ್ಲಿ ಬಿಎಸ್ಸಿ ಮುಗಿಸಿದಳು. ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿದ್ದಾಳೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಇಂಟರ್‌ವ್ಯೂಗೆ ಹೋಗಿ ಬಂದಿದ್ದಳು. ಹೋದ ವಾರ ಪತ್ರ ಬಂತು. ಲ್ಯಾಬ್ ಟೆಕ್ನಿಷಿಯನ್ ಕೆಲಸ. ಗಿಡದ ಕೋಶಭಿತ್ತಿಯ ಮೇಲೆ ಸಂಶೋಧನೆ ಮಾಡುವ ಲ್ಯಾಬ್ ಅಂತೆ. ಪ್ರಾಜೆಕ್ಟ್ ಕೆಲಸ, ಎರಡೇ ವರ್ಷ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಲ್ಯಾಬ್ ಟೆಕ್ನಿಷಿಯನ್ ಅಂದರೆ ನಮ್ಮ ಅಮ್ಮನಿಗೆ ಗೊತ್ತಿರುವುದು ರಕ್ತ ತೆಗೆಯುವವರು ಮಾತ್ರ. "ಅದಕ್ಕೆ ಬೆಂಗಳೂರು ಯಾಕೆ, ಮಡಿಕೇರಿ ಆಸ್ಪತ್ರೆ ಇಲ್ವಾ?" ಅಂತ ಕೇಳುತ್ತಾರೆ. ನನಗೂ ಉತ್ತರ ಹೇಳಲು ಬರಲಿಲ್ಲ. ಮಗಳಿಗೆ ಹೋಗುವ ಮನಸ್ಸು ಇದೆ. ಈ ಕೆಲಸ ನಿಜಕ್ಕೂ ಏನು? ಇದರಲ್ಲಿ ಮುಂದೆ ಬದುಕು ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಾರಂಗಿ ದಂಡೆ

ನನ್ನ ಮಾತು ಕೇಳಿದರೆ ಬಿ.ಎಡ್ ಮಾಡಿಸಿ. ಎರಡು ವರ್ಷದ ಕಾಂಟ್ರಾಕ್ಟ್ ಮುಗಿದ ಮೇಲೆ ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಬಿ.ಎಡ್‌ಗೂ ಎರಡೇ ವರ್ಷ. ಮುಗಿದರೆ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರುತ್ತದೆ.

ಹಳೇ ಪಿಪೆಟ್

ಅಣ್ಣಾ, ನಾನು ಸೋಮವಾರಪೇಟೆ ಕಡೆಯವಳು. ಇದೇ ಕೆಲಸದಲ್ಲಿ 19 ವರ್ಷ ಆಯಿತು. ಮೊದಲು ಬೆಂಗಳೂರು, ಈಗ ಮೈಸೂರು. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಾಗಿ ಓದಿ.

ಮೊದಲು ಅಮ್ಮನ ಪ್ರಶ್ನೆ. ಆಸ್ಪತ್ರೆ ಲ್ಯಾಬ್‌ನ ದಾರಿ ಬೇರೆ, ಅದಕ್ಕೆ ಡಿಎಂಎಲ್‌ಟಿಯಂಥ ಕೋರ್ಸ್ ಓದಿರಬೇಕು. ನಿಮ್ಮ ಮಗಳ ಕೆಲಸದಲ್ಲಿ ರಕ್ತ ಇಲ್ಲ. ಎಲೆ, ಕಾಂಡ, ಬೇರು, ಹಣ್ಣು ಇವೇ ಇರುತ್ತವೆ.

ಗಿಡದ ಪ್ರತಿಯೊಂದು ಜೀವಕೋಶದ ಸುತ್ತಲೂ ಒಂದು ಗೋಡೆ ಇರುತ್ತದೆ. ಅದೇ ಕೋಶಭಿತ್ತಿ. ನಮ್ಮ ಕಡೆ ಹಿಂದೆ ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿ ಗೋಡೆ ಮಾಡುತ್ತಿದ್ದರಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಬಿದಿರಿನ ಜಾಗದಲ್ಲಿ ಸೆಲ್ಯುಲೋಸ್ ಎಳೆಗಳು. ತಟ್ಟಿ ಕಟ್ಟುವ ನಾರಿನ ಜಾಗದಲ್ಲಿ ಹೆಮಿಸೆಲ್ಯುಲೋಸ್. ಮೆತ್ತುವ ಮಣ್ಣಿನ ಜಾಗದಲ್ಲಿ ಪೆಕ್ಟಿನ್. ಬಲಿತ ಮೇಲೆ ಸಿಮೆಂಟ್ ಥರ ಗಟ್ಟಿಯಾಗಿ ತುಂಬಿಕೊಳ್ಳುವುದು ಲಿಗ್ನಿನ್. ಕಕ್ಕಡದ ಮಳೆಯಲ್ಲಿ ಬೈಂಬಳೆ, ಅಂದರೆ ಬಿದಿರಿನ ಕಳಲೆ, ಕಡಿಯಲು ಕೆಲವು ದಿನ ತಡವಾದರೆ ಏನಾಗುತ್ತದೆ? ಎಷ್ಟು ಬೇಯಿಸಿದರೂ ಹಲ್ಲಿಗೆ ನಾರು ಸಿಗುತ್ತದೆ. ಅಷ್ಟು ದಿನದಲ್ಲಿ ಅದರ ಕೋಶಭಿತ್ತಿಗೆ ಲಿಗ್ನಿನ್ ಇಳಿದಿರುತ್ತದೆ. ತೆಳುವಾಗಿ ಸೀಳಿ ಫ್ಲೋರೋಗ್ಲುಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಲಿಗ್ನಿನ್ ಇರುವ ಕಡೆಯೆಲ್ಲ ಕೆಂಪಾಗುತ್ತದೆ. ಎಳೆಯ ತುದಿ ಹಾಗೇ ಬೆಳ್ಳಗಿರುತ್ತದೆ, ಬುಡ ಕುಂಕುಮದ ಹಾಗೆ ಕಾಣುತ್ತದೆ. ಇದನ್ನು ಮೊದಲು ನೋಡಿದ ದಿನ ನಾನು ಮನೆಗೆ ಫೋನ್ ಮಾಡಿ ಅವ್ವನಿಗೆ ಹೇಳಿದ್ದೆ.

ಇನ್ನು ದಿನದ ಕೆಲಸ. ಹೆಚ್ಚಾಗಿ ದ್ರವ ಸಾರಜನಕ ತರುವುದರಿಂದ ಶುರು. ದನದ ಆಸ್ಪತ್ರೆಯಲ್ಲಿ ಇನ್ಸೆಮಿನೇಶನ್‌ಗೆ ಇಟ್ಟಿರುವ ಹೊಗೆಯಾಡುವ ಕ್ಯಾನ್ ನೋಡಿರುತ್ತೀರಿ, ಅದೇ. ಮೈನಸ್ 196 ಡಿಗ್ರಿ. ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲ ಆಗುತ್ತದೆ, ಉಸಿರಾಡುವ ಗಾಳಿಯನ್ನು ತಳ್ಳಿಬಿಡುತ್ತದೆ. ಹಾಗಾಗಿ ಆ ಕ್ಯಾನ್ ಜೊತೆ ಲಿಫ್ಟ್‌ನಲ್ಲಿ ಯಾರೂ ಹೋಗಬಾರದು. ಎಲೆಯನ್ನು ಅದರಲ್ಲಿ ಹೆಪ್ಪುಗಟ್ಟಿಸಿ, ಕಲ್ಲಿನಲ್ಲಿ ಹಿಟ್ಟಿನ ಹಾಗೆ ಅರೆಯುತ್ತೇವೆ. ಆಮೇಲೆ ಶೇ. 70ರ ಆಲ್ಕೋಹಾಲ್‌ನಲ್ಲಿ ತೊಳೆಯುವುದು. ಹಸಿರು ಹೋಗುತ್ತದೆ, ಬಿಡಿ ಸಕ್ಕರೆ ಹೋಗುತ್ತದೆ. ಕ್ಲೋರೋಫಾರ್ಮ್ ಮತ್ತು ಮೆಥನಾಲ್‌ನಲ್ಲಿ ತೊಳೆದರೆ ಜಿಡ್ಡು ಹೋಗುತ್ತದೆ. ಕೊನೆಗೆ ಅಸಿಟೋನ್. ಒಣಗಿದ ಮೇಲೆ ಬಿಳಿ ಪುಡಿ ಉಳಿಯುತ್ತದೆ. ಬಹುಪಾಲು ಕೋಶಭಿತ್ತಿಯೇ. ಕಿಣ್ವ ಹಾಕಿ ಅದರೊಳಗಿನ ಪಿಷ್ಟವನ್ನೂ ತೆಗೆಯಬೇಕು.

ಆ ಪುಡಿಯಲ್ಲಿ ಎರಡು ಮಿಲಿಗ್ರಾಂ ತೂಗುವುದು ಇದೆಯಲ್ಲ, ಕೆಲಸ ಗೊತ್ತಿದೆಯೋ ಇಲ್ಲವೋ ಅಂತ ಅಲ್ಲೇ ಗೊತ್ತಾಗುತ್ತದೆ. ಒಣ ಹವೆಯಲ್ಲಿ ಪುಡಿ ಹಾರಿ ಟ್ಯೂಬಿನ ಗೋಡೆಗೆ ಅಂಟುತ್ತದೆ. ಮಳೆಗಾಲದಲ್ಲಿ ನೀರು ಹೀರಿ ತೂಕ ಏರುತ್ತದೆ. ಬಾಗಿಲು ಹತ್ತಿರ ಯಾರಾದರೂ ನಡೆದರೂ ತಕ್ಕಡಿಯ ಅಂಕಿ ಕುಣಿಯುತ್ತದೆ. ನಾನು ತೂಗುವಾಗ ಫ್ಯಾನ್ ಆರಿಸಿ, ಮಾತು ನಿಲ್ಲಿಸುತ್ತೇನೆ.

ಮುಂದೆ ಟಿಎಫ್‌ಎ ಎಂಬ ಆಮ್ಲದಲ್ಲಿ 121 ಡಿಗ್ರಿಗೆ ಕಾಯಿಸಿದರೆ ಗೋಡೆಯ ದೊಡ್ಡ ಸರಪಳಿಗಳು ಬಿಡಿ ಸಕ್ಕರೆಗಳಾಗುತ್ತವೆ. ಅವನ್ನು ಆವಿಯಾಗುವ ರೂಪಕ್ಕೆ ತಂದು ಒಂದೊಂದು ಸಕ್ಕರೆಯನ್ನೂ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಕೊಡುತ್ತೇವೆ. ಪರದೆಯ ಮೇಲೆ ಒಂದೊಂದಾಗಿ ಶಿಖರ ಏಳುತ್ತದೆ. ರ್‍ಯಾಮ್ನೋಸ್, ಫ್ಯೂಕೋಸ್, ಅರಾಬಿನೋಸ್, ಕ್ಸೈಲೋಸ್, ಮ್ಯಾನೋಸ್, ಗ್ಯಾಲಕ್ಟೋಸ್, ಗ್ಲೂಕೋಸ್. ಏಳು ಸಕ್ಕರೆಗೆ ಏಳು ಶಿಖರ. ಗಟ್ಟಿ ಸೆಲ್ಯುಲೋಸ್ ಮಾತ್ರ ಈ ಆಮ್ಲಕ್ಕೆ ಜಗ್ಗುವುದಿಲ್ಲ. ಅದಕ್ಕೆ 1969ರಲ್ಲಿ ಅಪ್‌ಡೆಗ್ರಾಫ್ ಎಂಬವರು ಕೊಟ್ಟ ವಿಧಾನವನ್ನು ಇವತ್ತಿಗೂ ಬಳಸುತ್ತೇವೆ. ಅಸಿಟಿಕ್ ಮತ್ತು ನೈಟ್ರಿಕ್ ಆಮ್ಲದ ಮಿಶ್ರಣದಲ್ಲಿ ಕುದಿಸಿ ಉಳಿದದ್ದನ್ನೆಲ್ಲ ತೆಗೆಯುವುದು. ನಿಂತ ಸೆಲ್ಯುಲೋಸನ್ನು ಗಾಢ ಗಂಧಕಾಮ್ಲದಲ್ಲಿ ಕರಗಿಸಿ, ಸಕ್ಕರೆಗೆ ಬಣ್ಣ ಬರಿಸುವ ಅನ್‌ಥ್ರೋನ್ ಹಾಕಿ ಆ ಬಣ್ಣ ಅಳೆಯುವುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹತ್ತಿ ಅಂದರೆ ಹೆಚ್ಚುಕಡಿಮೆ ಬರೀ ಸೆಲ್ಯುಲೋಸ್. ಟ್ಯೂಬಿನಲ್ಲಿ ಸೆಲ್ಯುಲೋಸ್ ಕರಗಿಸುವ ಆಮ್ಲ ನಮ್ಮ ಹತ್ತಿ ಕೋಟನ್ನೂ ಹಾಗೇ ಕರಗಿಸುತ್ತದೆ. ಆ ದಿನ ಏನೂ ಕಾಣುವುದಿಲ್ಲ. ಒಗೆದು ಹಿಂಡಿದಾಗ ತೋಳಿನ ತುಂಬ ಸಣ್ಣ ತೂತು. ಹೊಸಬರ ಕೋಟಿನಲ್ಲಿ ತೂತು ಕಂಡರೆ ನಾನು ಅವರನ್ನು ಕೂರಿಸಿಕೊಂಡು ಆಮ್ಲ ಸುರಿಯುವುದನ್ನು ಮತ್ತೆ ಮೊದಲಿಂದ ಕಲಿಸುತ್ತೇನೆ. ಅದೇ ಹನಿ ಕಣ್ಣಿಗೆ ಬೀಳಬಹುದಿತ್ತು.

ಬದುಕು ಇದೆಯಾ ಅಂತ ಕೇಳಿದ್ದೀರಿ. ಅದನ್ನು ರಾತ್ರಿ ಬರೆಯುತ್ತೇನೆ, ಈಗ ಕೆಲಸಕ್ಕೆ ಹೊತ್ತಾಯಿತು.

ಸುಂಟಿಕೊಪ್ಪದ ಅಪ್ಪ

ಮೇಡಂ, ಇಷ್ಟು ವಿವರವಾಗಿ ಬರೆದಿರಿ, ಬಹಳ ಉಪಕಾರ ಆಯಿತು. ಅಮ್ಮನಿಗೆ ಬೈಂಬಳೆ ವಿಷಯ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು.

ಕಣಿವೆ ಹುಡುಗ

ನಾನು ಈ ದಾರಿಯಲ್ಲಿ ಹೋಗಿ ಬಂದವನು. ಒಳ್ಳೆಯದನ್ನು ಅಕ್ಕ ಹೇಳಿದ್ದಾರೆ, ಕಷ್ಟವೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಐದು ವರ್ಷದಲ್ಲಿ ಮೂರು ಪ್ರಾಜೆಕ್ಟ್ ಮಾಡಿದೆ. ಸಂಸ್ಥೆಯ ಹೆಸರು ಬೇಡ. ಎರಡನೇ ಪ್ರಾಜೆಕ್ಟ್‌ನಲ್ಲಿ ದುಡ್ಡು ಬಿಡುಗಡೆ ತಡವಾಗಿ ನಾಲ್ಕು ತಿಂಗಳು ಸಂಬಳ ಇರಲಿಲ್ಲ. ಪಿಜಿ ಬಾಡಿಗೆಗೆ ಅಪ್ಪ ಮೆಣಸು ಮಾರಿ ಕಳಿಸಿದರು. ಮೂರನೇ ಪ್ರಾಜೆಕ್ಟ್‌ನಲ್ಲಿ ಒಂದು ಸಂಶೋಧನಾ ಪೇಪರಿನ ಅರ್ಧಕ್ಕಿಂತ ಜಾಸ್ತಿ ಅಳತೆ ನನ್ನ ಕೈಯದು. ಲೇಖಕರ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ, ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬಂತು. ಮೊದಲೇ ಕೇಳಬೇಕಿತ್ತು, ಆಗ ಧೈರ್ಯ ಇರಲಿಲ್ಲ. ಇಷ್ಟರಲ್ಲಿ 28 ದಾಟಿತು. ಕೇಂದ್ರ ಸರ್ಕಾರದ ಸಿಎಸ್‌ಐಆರ್ ಸಂಶೋಧನಾ ಲ್ಯಾಬ್‌ಗಳ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ ಅಷ್ಟೇ.

ಆದರೆ ಕಲಿತದ್ದು ವ್ಯರ್ಥ ಆಗಲಿಲ್ಲ. ಈಗ ಒಂದು ಕಾಗದ ಕಾರ್ಖಾನೆಯ ಲ್ಯಾಬ್‌ನಲ್ಲಿದ್ದೇನೆ. ಮರದಿಂದ ಲಿಗ್ನಿನ್ ತೆಗೆದು ಸೆಲ್ಯುಲೋಸ್ ಉಳಿಸಿಕೊಳ್ಳುವುದೇ ಕಾಗದದ ಕೆಲಸ ಅಲ್ವಾ? ತಿರುಳಿನಲ್ಲಿ ಇನ್ನೂ ಎಷ್ಟು ಲಿಗ್ನಿನ್ ಉಳಿದಿದೆ ಅಂತ ತಿಳಿಯಲು ಕಪ್ಪಾ ನಂಬರ್ ನೋಡುತ್ತೇವೆ. ಇಂಟರ್‌ವ್ಯೂನಲ್ಲಿ ಅದರ ರಸಾಯನಶಾಸ್ತ್ರ ಕೇಳಿದರು. ಬೇರೆಯವರು ಬಾಯಿಪಾಠ ಹೇಳಿದರು. ನಾನು ಕೈಯಲ್ಲಿ ಮಾಡಿದ್ದನ್ನು ಹೇಳಿದೆ. ಕೆಲಸ ಸಿಕ್ಕಿತು.

ಮಗಳನ್ನು ಕಳಿಸಿ ಸರ್. ಆದರೆ ಇಷ್ಟನೇ ವಯಸ್ಸಿನವರೆಗೆ ಅಂತ ಒಂದು ಗಡಿ ಈಗಲೇ ಹಾಕಿಕೊಳ್ಳಲಿ.

ಸಿದ್ದಾಪುರದ ಕಾಳುಮೆಣಸು

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಇದರಿಂದ ನಮ್ಮಂಥ ಬೆಳೆಗಾರರಿಗೆ ಏನು ಉಪಯೋಗ? ಗೋಡೆಯಲ್ಲಿ ಏಳು ಸಕ್ಕರೆ ಇದೆ ಅಂತ ಗೊತ್ತಾದರೆ ಕಾಫಿ ಗಿಡ ಕೊರೆಯುವ ಕಾಂಡಕೊರಕ ಹುಳ ಬಿಡುತ್ತದಾ?

ಹಳೇ ಪಿಪೆಟ್

ತಪ್ಪೇನಿಲ್ಲ ಅಣ್ಣಾ, ಕೇಳಲೇಬೇಕಾದ ಪ್ರಶ್ನೆ. ಕೊರಕದ ವಿಷಯದಲ್ಲಿ ನಾನು ಕೆಲಸ ಮಾಡಿಲ್ಲ, ಹಾಗಾಗಿ ಅದರ ಬಗ್ಗೆ ಮಾತು ಕೊಡುವುದಿಲ್ಲ. ನನಗೆ ಗೊತ್ತಿರುವ ಎರಡು ಮೂರು ವಿಷಯ ಹೇಳುತ್ತೇನೆ.

ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಆದ ಮೇಲೆ ಬೀಜವನ್ನು ತೊಟ್ಟಿಯಲ್ಲಿ ಒಂದು, ಒಂದೂವರೆ ದಿನ ಬಿಡುತ್ತೀರಿ. ಕೈ ಹಾಕಿ ಉಜ್ಜಿ ನೋಡುತ್ತೀರಿ. ಜಾರಿದರೆ ಇನ್ನೂ ಆಗಿಲ್ಲ, ಗರಗರ ಅಂದರೆ ತೊಳೆಯಬಹುದು. ಆ ಲೋಳೆಯಲ್ಲಿ ಪೆಕ್ಟಿನ್ ತುಂಬಿದೆ. ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳೂ ಅವುಗಳ ಕಿಣ್ವಗಳೂ ಅದನ್ನು ಸಡಿಲ ಮಾಡುತ್ತವೆ. ಪೆಕ್ಟಿನೇಸ್ ಎಂಬ ಕಿಣ್ವ ಹಾಕಿದರೆ ಅದೇ ಕೆಲಸ ಗಂಟೆಗಳಲ್ಲಿ ಆಗುತ್ತದೆ. ಎಷ್ಟು ಹಾಕಬೇಕು, ಎಷ್ಟು ಹೊತ್ತು ಅಂತ ನೋಡಲು ಯಾರೋ ಒಬ್ಬ ಟೆಕ್ನಿಷಿಯನ್ ನೂರಾರು ಟ್ಯೂಬಿನಲ್ಲಿ ಪೆಕ್ಟಿನ್ ಅಳೆದಿರುತ್ತಾರೆ.

ಮೆಣಸಿನ ಶೀಘ್ರ ಸೊರಗು ರೋಗ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ತರುವ ಫೈಟೋಫ್ತೊರ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಬೇರಿನ ಒಳಗೆ ಹೋಗುವುದೇ ಗೋಡೆ ಕರಗಿಸುವ ಕಿಣ್ವ ಸುರಿಸಿಕೊಂಡು. ಅದಕ್ಕೂ ಒಂದು ಗೋಡೆ ಇದೆ. ನಿಜವಾದ ಶಿಲೀಂಧ್ರಗಳ ಗೋಡೆಯಲ್ಲಿ ಕೈಟಿನ್ ಎಂಬ ವಸ್ತು ಮುಖ್ಯ. ಇದರದ್ದರಲ್ಲಿ ಗ್ಲುಕಾನ್ ಮತ್ತು ಸೆಲ್ಯುಲೋಸ್. ಶಿಲೀಂಧ್ರಕ್ಕೆ ಕೊಡುವ ಎಲ್ಲ ಔಷಧಿಯೂ ಇದಕ್ಕೆ ಹತ್ತದಿರುವುದಕ್ಕೆ ಇಂಥ ವ್ಯತ್ಯಾಸಗಳೇ ಕಾರಣ.

ಇನ್ನು ಬೋರಾನ್. ಇದು ನನಗೆ ತುಂಬಾ ಇಷ್ಟದ ಕಥೆ. ಕಾಫಿಗೆ ಬೋರಾನ್ ಕಡಿಮೆಯಾದರೆ ತುದಿಯ ಚಿಗುರು ಸಾಯುತ್ತದೆ, ಪಕ್ಕದಿಂದ ಬೀಸಣಿಗೆ ಥರ ಕವಲು ಬರುತ್ತದೆ. ನಮ್ಮ ಮಳೆಗೆ ಬೋರಾನ್ ಮಣ್ಣಿನಿಂದ ತೊಳೆದುಹೋಗುತ್ತದೆ, ಅದಕ್ಕೇ ಎಲೆಗೆ ಸ್ಪ್ರೇ ಮಾಡುತ್ತೀರಿ. ಗಿಡಕ್ಕೆ ಬೋರಾನ್ ಬೇಕೇ ಬೇಕು ಅಂತ 1923ರಲ್ಲೇ ಇಂಗ್ಲೆಂಡಿನ ಕ್ಯಾಥರೀನ್ ವಾರಿಂಗ್ಟನ್ ಅವರೆ ಜಾತಿಯ ಒಂದು ಗಿಡದಲ್ಲಿ ತೋರಿಸಿದರು. ಯಾಕೆ ಬೇಕು ಎಂಬುದು ಸ್ಪಷ್ಟವಾಗಲು ಇನ್ನೂ ಎಪ್ಪತ್ತು ವರ್ಷ ಹಿಡಿಯಿತು.

ಆ ಒಗಟು ಬಿಡಿಸಿಕೊಂಡದ್ದರಲ್ಲಿ ನಮ್ಮಂಥ ಕೆಲಸದ ಪಾಲು ದೊಡ್ಡದು. ಅಮೆರಿಕದಲ್ಲಿ ಒಂದು ತಂಡ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಐದು ಸಾವಿರಕ್ಕೂ ಹೆಚ್ಚು ಸಸಿಗಳನ್ನು ತೆಗೆದುಕೊಂಡಿತು. ಒಂದೊಂದು ಸಸಿಯ ಎಲೆಯನ್ನೂ ನಾನು ಮೇಲೆ ಬರೆದ ಹಾಗೆಯೇ ಆಮ್ಲದಲ್ಲಿ ಒಡೆದು, ಯಂತ್ರಕ್ಕೆ ಕೊಟ್ಟು, ಯಾವ ಸಸಿಯಲ್ಲಿ ಯಾವ ಶಿಖರ ಕಡಿಮೆ ಅಂತ ನೋಡಿತು. ಒಂದರಲ್ಲಿ ಫ್ಯೂಕೋಸ್ ಶಿಖರವೇ ಕಾಣೆ. ಆ ಗಿಡ ಕುಳ್ಳಗಿತ್ತು, ಕಾಂಡ ಬೇಗ ಮುರಿಯುತ್ತಿತ್ತು. 1993ರಲ್ಲಿ ಅದು ಪ್ರಕಟವಾಯಿತು. ಅದಕ್ಕೆ ಮರ್-1 ಅಂತ ಹೆಸರು. ಮರ್ ಅಂದರೆ ಲ್ಯಾಟಿನ್‌ನಲ್ಲಿ ಗೋಡೆ ಎಂಬ ಪದದಿಂದ ಬಂದದ್ದು. ಮುಂದೆ 2001ರಲ್ಲಿ ಇನ್ನೊಂದು ತಂಡ ಅದರ ಗುಟ್ಟು ಬಿಚ್ಚಿತು. ಪೆಕ್ಟಿನ್‌ನ ಒಂದು ಭಾಗ ಜೋಡಿಜೋಡಿಯಾಗಿ ಬೋರಾನ್‌ನಿಂದ ಬೆಸೆದುಕೊಂಡಿರುತ್ತದೆ. ಫ್ಯೂಕೋಸ್ ಇಲ್ಲದ್ದರಿಂದ ಈ ಗಿಡದಲ್ಲಿ ಆ ಬೆಸುಗೆ ಸರಿಯಾಗಿ ಕೂರುತ್ತಿರಲಿಲ್ಲ. ಜಾಸ್ತಿ ಬೋರಿಕ್ ಆಮ್ಲ ಕೊಟ್ಟಾಗ ಕುಳ್ಳ ಗಿಡ ಮಾಮೂಲಿನ ಹಾಗೆ ಬೆಳೆಯಿತು.

ನೀವು ಸ್ಪ್ರೇ ಮಾಡುವ ಬೋರಾನ್ ಎಲೆಯೊಳಗೆ ಹೋಗಿ ಗೋಡೆಯ ಪೆಕ್ಟಿನ್ ಎಳೆಗಳನ್ನು ಬೆಸೆಯುತ್ತದೆ. ಐದು ಸಾವಿರ ಟ್ಯೂಬಿಗೆ ಬೇಸರಪಡದೆ ಲೇಬಲ್ ಅಂಟಿಸಿದ ಕೈಗಳು ಇಲ್ಲದಿದ್ದರೆ ಆ ಒಂದು ಗಿಡ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸಿದ್ದಾಪುರದ ಕಾಳುಮೆಣಸು

ಬೋರಾನ್‌ನ ಇಷ್ಟು ವಿಷಯ ಇಪ್ಪತ್ತು ವರ್ಷ ಸ್ಪ್ರೇ ಮಾಡಿದ ನನಗೆ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ಅಕ್ಕ.

ಪೊನ್ನಂಪೇಟೆ ಮೇಷ್ಟ್ರು

ನಾನು ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ಚೂರಿನಲ್ಲಿ ಕಂಡು "ಸೆಲ್" ಅಂತ ಕರೆದದ್ದು ಜೀವ ಹೋದ ಕೋಶಗಳ ಬರೀ ಗೋಡೆಗಳನ್ನು. ಪ್ರತಿ ವರ್ಷ ಇದನ್ನು ಹೇಳುವಾಗ ಒಂದಿಬ್ಬರು ಮಕ್ಕಳ ಕಣ್ಣು ಅರಳುತ್ತಿತ್ತು. ನಿಮ್ಮ ಮಗಳು ಅಂಥವಳೇ ಇರಬೇಕು.

ಇದು ಬೆಂಗಳೂರಿಗೆ ಮಾತ್ರ ಸೇರಿದ ವಿದ್ಯೆ ಅಂದುಕೊಳ್ಳಬೇಡಿ. ಇಲ್ಲೇ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಮರದ ಗುಣ ಓದಿಸುತ್ತಾರೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ 1946ರಿಂದ ಇದೆ. ಅಲ್ಲೇ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ಕೊಡಗಿನ ಕಿತ್ತಳೆ, ಬೆಣ್ಣೆಹಣ್ಣಿನ ಕೆಲಸ ನಡೆಯುತ್ತದೆ. ಬೆಣ್ಣೆಹಣ್ಣು ಮೆತ್ತಗಾಗುವುದು ಕೂಡ ಗೋಡೆ ಕರಗುವುದೇ. ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಕೇಂದ್ರ ಇದೆ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರದ ಕೆಲಸ ಮಾಡುತ್ತಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನದ ಸಂಸ್ಥೆ ಇದೆ. ಕೈ ಪಳಗಿದರೆ ಊರ ಹತ್ತಿರ ಬರುವ ದಾರಿ ಮುಚ್ಚಿಲ್ಲ. ಎಂಎಸ್ಸಿ ಮಾತ್ರ ಬಿಡುವುದು ಬೇಡ.

ಹಳೇ ಪಿಪೆಟ್

ಅಣ್ಣಾ, ಬಾಕಿ ಉಳಿದ ಉತ್ತರ.

ಕಣಿವೆ ತಮ್ಮ ಬರೆದದ್ದು ಪೂರ್ತಿ ನಿಜ. ನನ್ನ ಮೊದಲ ಆರು ವರ್ಷವೂ ಪ್ರಾಜೆಕ್ಟ್‌ನಲ್ಲೇ ಕಳೆಯಿತು. ಪ್ರತಿ ಮಾರ್ಚ್ ಬಂದರೆ ನಿದ್ದೆ ಬರುತ್ತಿರಲಿಲ್ಲ, ಮುಂದಿನ ವರ್ಷಕ್ಕೆ ದುಡ್ಡು ಬರುತ್ತದೋ ಇಲ್ಲವೋ ಅಂತ. ಈ ಅಭದ್ರತೆ ಸರಿಯಲ್ಲ. ವಿದ್ಯಾರ್ಥಿಗಳು ಐದಾರು ವರ್ಷಕ್ಕೆ ಪಿಎಚ್‌ಡಿ ಮುಗಿಸಿ ಹೋಗುತ್ತಾರೆ. ಯಂತ್ರದ ನಾಡಿ, ಯಾವ ವಿಧಾನ ಎಲ್ಲಿ ಕೈಕೊಡುತ್ತದೆ ಎಂಬುದು, ಹಳೇ ಮಾದರಿಗಳ ಲೆಕ್ಕ ಇವೆಲ್ಲ ಲ್ಯಾಬ್‌ನಲ್ಲಿ ಉಳಿಯುವುದು ಟೆಕ್ನಿಷಿಯನ್ ಜೊತೆ. ಅವರನ್ನೇ ಎರಡೆರಡು ವರ್ಷಕ್ಕೆ ಬದಲಾಯಿಸಿದರೆ ಪ್ರತಿ ಸಲ ಅದೇ ತಪ್ಪನ್ನು ಹೊಸಬರು ಹೊಸದಾಗಿ ಮಾಡುತ್ತಾರೆ. ಕಾಯಂ ಹುದ್ದೆ ಹೆಚ್ಚಾಗಬೇಕು ಅಂತ ನಾನು ಸಿಕ್ಕ ಕಡೆಯೆಲ್ಲ ಹೇಳುತ್ತೇನೆ.

ಆದರೂ ದಾರಿಗಳು ಇವೆ. ಸಿಎಸ್‌ಐಆರ್ ಲ್ಯಾಬ್‌ಗಳಲ್ಲಿ ಟೆಕ್ನಿಷಿಯನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಕೇಳುತ್ತಾರೆ, ಮೂಲ ವೇತನ 19,900. ಬಿಎಸ್ಸಿ ಪ್ರಥಮ ದರ್ಜೆ ಮತ್ತು ಒಂದು ವರ್ಷದ ಅನುಭವ ಇದ್ದರೆ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಹಾಕಬಹುದು, ಮೂಲ ವೇತನ 35,400. ನಿಮ್ಮ ಮಗಳು ಕಣ್ಣಿಡಬೇಕಾದದ್ದು ಎರಡನೆಯದರ ಮೇಲೆ. ಈ ಎರಡು ವರ್ಷ ಆ ಅನುಭವಕ್ಕೆ ಆಗುತ್ತದೆ. ಖಾಸಗಿಯಲ್ಲಿ ಕಿಣ್ವ ತಯಾರಿಸುವ ಕಂಪನಿಗಳು, ಕಾಗದ, ಔಷಧಿ ಇವೆ. ಮಾತ್ರೆಗಳಲ್ಲಿ ತುಂಬುವ ಪುಡಿಯಲ್ಲೂ ಸೆಲ್ಯುಲೋಸ್ ಇರುತ್ತದೆ. ಪಶು ಆಹಾರದ ಲ್ಯಾಬ್‌ಗಳಲ್ಲಿ ಹುಲ್ಲಿನ ನಾರು ಅಳೆಯುವುದು ಹೆಚ್ಚುಕಡಿಮೆ ಇದೇ ಕೆಲಸ. 2022ರಲ್ಲಿ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ಮಾಡುವ ಘಟಕ ಶುರುವಾಯಿತು. ಹುಲ್ಲಿನ ಗೋಡೆ ಒಡೆದು ಸಕ್ಕರೆ ತೆಗೆಯುವುದೇ ಅಲ್ಲಿನ ಕಷ್ಟದ ಭಾಗ.

ಸೇರುವ ಮೊದಲು ಮೂರು ಪ್ರಶ್ನೆ ಕೇಳಲಿ. ಯಂತ್ರ ನಡೆಸಲು ನನಗೆ ಕಲಿಸುತ್ತೀರಾ, ಇಲ್ಲ ಗಾಜು ತೊಳೆಯುವುದು, ದ್ರಾವಣ ಮಾಡುವುದು ಇಷ್ಟೇನಾ? ಅಳತೆ ನನ್ನದಾದರೆ ಪೇಪರಿನಲ್ಲಿ ಹೆಸರು ಹಾಕುತ್ತೀರಾ? ಅನುಭವ ಪತ್ರದಲ್ಲಿ ಯಾವ ಯಂತ್ರ, ಯಾವ ವಿಧಾನ ಅಂತ ಬಿಡಿಸಿ ಬರೆದು ಕೊಡುತ್ತೀರಾ? ಇದನ್ನು ಕೇಳಿದ್ದಕ್ಕೆ ಮುಖ ಸಿಂಡರಿಸುವ ಲ್ಯಾಬ್ ಆದರೆ ಬೇಡವೇ ಬೇಡ.

ಸುಂಟಿಕೊಪ್ಪದ ಮಗಳು

ಅಕ್ಕಾ, ಅಪ್ಪ ಎಲ್ಲ ಓದಿಸಿದರು. ನಾನೇ ಕೇಳೋಣ ಅಂತ ಬಂದೆ. ಆಮ್ಲದ ಭಯಕ್ಕಿಂತ ನನಗೆ ಬೇರೆ ಭಯ ಇದೆ. ನನ್ನ ತಪ್ಪಿನಿಂದ ಬೇರೆಯವರ ವರ್ಷಗಳ ಕೆಲಸ ಹಾಳಾದರೆ? ಕಾಲೇಜಿನಲ್ಲಿ ಪ್ರಾಕ್ಟಿಕಲ್ ಇದ್ದದ್ದೇ ಸ್ವಲ್ಪ. ಎರಡು ಮಿಲಿಗ್ರಾಂ ನಾನು ಯಾವತ್ತೂ ತೂಗಿಲ್ಲ.

ಹಳೇ ಪಿಪೆಟ್

ತಂಗೀ, ನನ್ನ ಮೊದಲ ವರ್ಷದ್ದು ಒಂದು ಹೇಳುತ್ತೇನೆ.

ಒಬ್ಬ ವಿದ್ಯಾರ್ಥಿಯ ಮಾದರಿಗಳಿಗೆ ಪಿಷ್ಟ ತೆಗೆಯುವ ಕಿಣ್ವ ಹಾಕಿದೆ. ಆ ಬಾಟಲಿ ಒಂದು ರಾತ್ರಿ ಫ್ರಿಜ್ಜಿನ ಹೊರಗೆ ಉಳಿದಿತ್ತು ಅಂತ ನನಗೆ ಗೊತ್ತಿತ್ತು. ಪರವಾಗಿಲ್ಲ ಅಂದುಕೊಂಡೆ. ಎಲೆಗಳನ್ನು ಕಿತ್ತದ್ದು ಸಂಜೆ. ದಿನವಿಡೀ ಬಿಸಿಲು ಕುಡಿದ ಎಲೆಯಲ್ಲಿ ಸಂಜೆಗೆ ಪಿಷ್ಟ ತುಂಬಿರುತ್ತದೆ. ಕಿಣ್ವ ಕೆಲಸ ಮಾಡಲಿಲ್ಲ. ಪಿಷ್ಟವೂ ಗ್ಲೂಕೋಸ್, ಸೆಲ್ಯುಲೋಸೂ ಗ್ಲೂಕೋಸ್. ಯಂತ್ರ ಹೇಳುವುದು ಗ್ಲೂಕೋಸ್ ಅಂತ ಮಾತ್ರ. ಆ ಗಿಡದ ಗೋಡೆಯಲ್ಲಿ ಗ್ಲೂಕೋಸ್ ದುಪ್ಪಟ್ಟು ಬಂತು. ಆ ಹುಡುಗ ಕುಣಿದಾಡಿದ. ಮೂರು ವಾರ ಅದರ ಮೇಲೆ ಚಿತ್ರ ಬರೆದ. ನನಗೆ ಒಳಗೊಳಗೇ ಅನುಮಾನ. ಉಳಿದ ಪುಡಿಗೆ ಒಂದು ಹನಿ ಐಯೋಡಿನ್ ಹಾಕಿದೆ. ಕಪ್ಪು ನೀಲಿ ಆಯಿತು, ಅಂದರೆ ಪಿಷ್ಟ ಹಾಗೇ ಇತ್ತು.

ಹೇಳುವುದು ಬಹಳ ಕಷ್ಟ ಆಯಿತು. ಹೇಳಿದೆ. ಅವನು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬಂದು, ಅಕ್ಕಾ, ಎಲೆ ಮತ್ತೆ ಬೆಳೆಸೋಣ ಅಂದ. ಅವತ್ತಿನಿಂದ ಪ್ರತಿ ಬ್ಯಾಚಿಗೂ ಐಯೋಡಿನ್ ಹನಿ ಹಾಕಿ ನೋಡುತ್ತೇನೆ. ಎಲೆ ಕೀಳುವ ಮುಂಚೆ ಗಿಡವನ್ನು ಒಂದು ದಿನ ಕತ್ತಲಲ್ಲಿ ಇಡಿಸುತ್ತೇನೆ.

ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ. ಅಂಥ ಬಾಟಲಿಯ ವಿಷಯ ನೋಟ್‌ಬುಕ್‌ನಲ್ಲಿ ಬರೆದಿಡು, ಆಗ ತಪ್ಪನ್ನು ಹುಡುಕಿ ತೆಗೆಯಬಹುದು. ಬರೆಯದೆ ಮುಚ್ಚಿಟ್ಟರೆ ಅದು ಪೇಪರಿಗೆ ಹೋಗುತ್ತದೆ, ಅಲ್ಲಿಂದ ಬೇರೆ ಊರಿನ ಬೇರೆಯವರ ಕೆಲಸಕ್ಕೆ ಹೋಗುತ್ತದೆ. ತೂಗುವುದು ಮೂರು ವಾರದಲ್ಲಿ ಬರುತ್ತದೆ. ಬಿಡುವಾದಾಗ ಸುಮ್ನೆ ಖಾಲಿ ಟ್ಯೂಬ್ ತೂಗಿ ತೂಗಿ ಕೈ ಕೂರಿಸಿಕೋ.

ಹಾರಂಗಿ ದಂಡೆ

ನಾನು ಮೊದಲು ಬಿ.ಎಡ್ ಅಂದಿದ್ದೆ. ಇಷ್ಟೆಲ್ಲ ಓದಿದ ಮೇಲೆ ನನ್ನ ಮಾತು ವಾಪಸ್ ತಗೊಳ್ಳುತ್ತೇನೆ. ಇಷ್ಟಪಟ್ಟು ಹೋಗುವ ಮಗುವನ್ನು ತಡೆಯಬೇಡಿ.

ಸುಂಟಿಕೊಪ್ಪದ ಅಪ್ಪ

ಮಗಳು ಫೋನ್ ಮಾಡಿ ಮೂರೂ ಪ್ರಶ್ನೆ ಕೇಳಿದಳು. ಅಲ್ಲಿಯ ಮುಖ್ಯಸ್ಥರು ಬೇಜಾರು ಮಾಡಿಕೊಳ್ಳಲಿಲ್ಲ. ಆರು ತಿಂಗಳಲ್ಲಿ ಯಂತ್ರಕ್ಕೆ ಕೂರಿಸುತ್ತೇವೆ ಅಂದರು. ಹೆಸರಿನ ವಿಷಯದಲ್ಲಿ, ಅಳತೆಯ ಜೊತೆ ಅದರ ಅರ್ಥವನ್ನೂ ಕಲಿತು ಚರ್ಚೆಯಲ್ಲಿ ಕೂತರೆ ಖಂಡಿತ ಹಾಕುತ್ತೇವೆ ಅಂದರು. ಅನುಭವ ಪತ್ರಕ್ಕೂ ಒಪ್ಪಿದರು. ಸೋಮವಾರ ಸೇರುತ್ತಾಳೆ. 26 ತುಂಬುವವರೆಗೆ ನೋಡೋಣ, ಅಷ್ಟರಲ್ಲಿ ಕಾಯಂ ಆಗದಿದ್ದರೆ ಬೇರೆ ಯೋಚನೆ ಅಂತ ಮನೆಯಲ್ಲಿ ಮಾತಾಯಿತು. ಏನೇನು ಕೊಟ್ಟು ಕಳಿಸಬೇಕು ಮೇಡಂ?

ಹಳೇ ಪಿಪೆಟ್

ಬಹಳ ಸಂತೋಷ ಅಣ್ಣಾ. ಕಾಲು ಪೂರ್ತಿ ಮುಚ್ಚುವ ಶೂ ಬೇಕು, ಚಪ್ಪಲಿ ನಡೆಯುವುದಿಲ್ಲ. ನೈಲಾನ್ ದುಪ್ಪಟ್ಟಾ ಬೇಡ, ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಹೊಲಿದ ನೋಟ್‌ಬುಕ್ ಒಂದು, ಹಾಳೆ ಕಿತ್ತು ಬರುವಂಥದ್ದು ಬೇಡ. ಪೆನ್ಸಿಲ್‌ನಲ್ಲಿ ಬರೆಯಬಾರದು. ಟ್ಯೂಬಿನ ಮೇಲೆ ಬರೆಯುವ ಪೆನ್ ಲ್ಯಾಬ್‌ನಲ್ಲೇ ಕೊಡುತ್ತಾರೆ. ಅದು ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದಾ ಅಂತ ಮೊದಲ ದಿನವೇ ಒರೆಸಿ ನೋಡಲಿ.

ಸುಂಟಿಕೊಪ್ಪದ ಮಗಳು

ಅಕ್ಕಾ, ಸೇರಿ ಏಳು ತಿಂಗಳಾಯಿತು. ಇಲ್ಲಿ ಬರೆಯಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಪೆನ್ ಒರೆಸಿ ನೋಡಿದ್ದು ಒಳ್ಳೆಯದಾಯಿತು, ಅಳಿಸಿಹೋಗುವುದೇ ಇತ್ತು. ಈಗ ಯಂತ್ರಕ್ಕೆ ಕೂರಿಸಿದ್ದಾರೆ. ನಿನ್ನೆ ಮೊದಲ ಸಲ ನನ್ನದೇ ಮಾದರಿಗಳಲ್ಲಿ ಏಳೂ ಶಿಖರ ಬಂದವು. ಒಂದು ಅನುಮಾನ. ಹನ್ನೆರಡರಲ್ಲಿ ಒಂದು ಟ್ಯೂಬ್ ಮಾತ್ರ ಬೇರೆ ಥರ ಇದೆ. ಎಲ್ಲ ಶಿಖರವೂ ಉಳಿದವುಗಳ ಅರ್ಧ ಎತ್ತರ. ಅಳತೆಗೆ ಅಂತ ನಾವೇ ಮೊದಲು ಹಾಕಿದ ಇನೋಸಿಟಾಲ್ ಶಿಖರವೂ ಅರ್ಧವೇ. ಬಿಸಾಡಿ ಮತ್ತೆ ಮಾಡಬೇಕಾ? ಪುಡಿ ಬಹಳ ಕಡಿಮೆ ಉಳಿದಿದೆ.

ಹಳೇ ಪಿಪೆಟ್

ಬಿಸಾಡಬೇಡ ತಂಗೀ. ಇನೋಸಿಟಾಲ್ ಕೂಡ ಅಷ್ಟೇ ಇಳಿದಿದೆ ಅಂದರೆ ಅದನ್ನು ಹಾಕಿದ ಮೇಲೆ ಎಲ್ಲೋ ಅರ್ಧ ಕಳೆದುಹೋಗಿದೆ, ಎಲ್ಲವೂ ಒಂದೇ ಸಮ. ನೀನು ಲೆಕ್ಕ ಹಾಕುವುದು ಇನೋಸಿಟಾಲ್‌ಗೆ ಹೋಲಿಸಿ ತಾನೇ, ಹಾಗಾಗಿ ಅನುಪಾತ ಕೆಡುವುದಿಲ್ಲ. ಕೊನೆಯಲ್ಲಿ ಕೆಳಗಿನ ಪದರ ಎತ್ತುವಾಗ ಸ್ವಲ್ಪ ಉಳಿದಿರಬಹುದು, ಇಲ್ಲವೇ ಒಣಗಿಸಿ ಅಸಿಟೋನ್ ಹಾಕುವಾಗ ಜಾಸ್ತಿ ಬಿದ್ದಿರಬಹುದು. ಅದೇ ಬಾಟಲಿಯನ್ನು ಇನ್ನೊಮ್ಮೆ ಯಂತ್ರಕ್ಕೆ ಕೊಡು. ಮತ್ತೆ ಅರ್ಧವೇ ಬಂದರೆ ಟ್ಯೂಬಿನ ನಂಬರ್ ಹಾಕಿ ನೋಟ್‌ಬುಕ್‌ನಲ್ಲಿ ಬರೆ. ಪೂರ್ತಿ ಬಂದರೆ ಯಂತ್ರಕ್ಕೆ ಮಾದರಿ ಹಾಕುವ ಸೂಜಿ ಕಟ್ಟಿಕೊಂಡಿದೆ, ಬಿಚ್ಚಿ ತೊಳೆ.